ಮಾರಿಯೇ ಮುಗಿದ ತಂಡ

1970ರ ಆಗಸ್ಟ್ 24ರ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆಯ ಮುಖಪುಟದಲ್ಲಿ ರಿಕ್ ಬ್ಯಾರಿ ಇದ್ದರು. ಮೈಮೇಲೆ ವರ್ಜೀನಿಯಾ ಸ್ಕ್ವೈರ್ಸ್ ತಂಡದ ಅಂಗಿ. ಆಗಿನ್ನೂ ಹೆಸರಿಟ್ಟ ಬಣ್ಣ ಒಣಗದ ತಂಡ ಅದು. ಬ್ಯಾರಿಯಾದರೋ ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಆಗಲೇ ದೊಡ್ಡ ಹೆಸರು. ಹೊಸ ತಂಡಕ್ಕೆ ಇದಕ್ಕಿಂತ ಒಳ್ಳೆಯ ಜಾಹೀರಾತು ಸಿಗುವುದು ಕಷ್ಟ. ಆದರೆ ಪುಟ ತಿರುಗಿಸಿ ಒಳಗಿನ ಲೇಖನ ಓದಿದವರಿಗೆ ಸಿಕ್ಕಿದ್ದು ಬೇರೆಯೇ. ವರ್ಜೀನಿಯಾಗೆ ಹೋಗುವುದು ತನಗೆ ಸುತರಾಂ ಇಷ್ಟವಿಲ್ಲ, ತನ್ನ ಮಕ್ಕಳು ದಕ್ಷಿಣದವರ ಹಾಗೆ ರಾಗ ಎಳೆದು ಮಾತಾಡುವುದನ್ನು ಕಲಿತು ಮನೆಗೆ ಬರುವುದು ಬೇಡ ಎಂಬರ್ಥದ ಮಾತುಗಳನ್ನು ಬ್ಯಾರಿ ಆಡಿದ್ದರು. ಬಿಡುಗಡೆಯಾಗಲಿ ಎಂದು ಬೇಕೆಂದೇ ಆಡಿದ ಮಾತಿದ್ದರೂ ಇರಬಹುದು. ಇನ್ನೂ ಒಂದು ಪಂದ್ಯವನ್ನೂ ನೋಡಿರದ ಊರುಗಳ ಜನ ಸಿಟ್ಟಾದರು. ಮಾಲೀಕ ಅರ್ಲ್ ಫೋರ್‌ಮನ್ ತಡಮಾಡಲಿಲ್ಲ. ಸೆಪ್ಟೆಂಬರ್ ಹುಟ್ಟುತ್ತಿದ್ದಂತೆ ಬ್ಯಾರಿಯನ್ನು ನ್ಯೂಯಾರ್ಕ್ ನೆಟ್ಸ್ ತಂಡಕ್ಕೆ ದಾಟಿಸಿದರು. ಬದಲಿಗೆ ಬಂದದ್ದು 2 ಲಕ್ಷ ಡಾಲರ್ ಮತ್ತು ಹೊಸ ಆಟಗಾರರ ಆಯ್ಕೆಯಲ್ಲಿ ಒಂದು ಸರದಿ.

ಸ್ಕ್ವೈರ್ಸ್ ತಂಡದ ಚರಿತ್ರೆ ಹೀಗೆ ಒಂದು ಮಾರಾಟದಿಂದ ಶುರುವಾಯಿತು. ಮುಂದಿನ ಆರು ವರ್ಷಗಳಲ್ಲಿ ಅದು ಗೆದ್ದದ್ದಕ್ಕಿಂತ ಮಾರಿದ್ದರಿಂದಲೇ ನೆನಪಿನಲ್ಲಿ ಉಳಿದಿದೆ. ಈ ತಂಡದ ಮಾರಾಟಗಳ ಪಟ್ಟಿಯನ್ನು ಸಾಲಾಗಿ ನೋಡಿದರೆ, ಅದು ಆಡುತ್ತಿದ್ದ ಲೀಗ್ ಹೇಗೆ ಬದುಕಿಕೊಂಡಿತು ಎಂಬುದೂ ತಿಳಿಯುತ್ತದೆ. ಲೀಗಿನ ಉಳಿವಿಗೆ ಬೇಕಾದ ಬಂಡವಾಳದ ಒಂದು ದೊಡ್ಡ ಪಾಲನ್ನು ಕೊಟ್ಟದ್ದು ವರ್ಜೀನಿಯಾ. ಲಾಭ ಹಂಚುವ ಹೊತ್ತಿಗೆ ಪಂಕ್ತಿಯಲ್ಲಿ ಅದಕ್ಕೆ ಎಲೆಯೇ ಇರಲಿಲ್ಲ.

ಆ ಲೀಗಿನ ಹೆಸರು ಅಮೆರಿಕನ್ ಬ್ಯಾಸ್ಕೆಟ್‌ಬಾಲ್ ಅಸೋಸಿಯೇಷನ್, ಎಬಿಎ. 1967ರಲ್ಲಿ ಹುಟ್ಟಿದ್ದು. ಅಷ್ಟು ಹೊತ್ತಿಗೆ ಹಳೆಯ ಲೀಗ್ ಎನ್‌ಬಿಎ ಎರಡು ದಶಕ ಕಂಡಿತ್ತು, ಗಟ್ಟಿಯಾಗಿ ನೆಲೆಯೂರಿತ್ತು. ಹೊಸ ಲೀಗ್ ಕಟ್ಟಿದವರ ಲೆಕ್ಕಾಚಾರ ಸರಳವಾಗಿತ್ತು: ಎನ್‌ಬಿಎಯಲ್ಲಿ ಒಂದು ತಂಡ ಕೊಳ್ಳುವುದು ದುಬಾರಿ, ಇಲ್ಲಿ ಅಗ್ಗಕ್ಕೆ ಒಂದನ್ನು ಕೊಂಡು, ಎದುರಾಳಿಗೆ ಸಾಕಷ್ಟು ಕಿರುಕುಳ ಕೊಟ್ಟರೆ, ಒಂದಲ್ಲ ಒಂದು ದಿನ ಅವರೇ ಕರೆದು ಒಳಗೆ ಸೇರಿಸಿಕೊಳ್ಳುತ್ತಾರೆ. ಮೊದಲ ಕಮಿಷನರ್ ಜಾರ್ಜ್ ಮೈಕನ್ ಎನ್‌ಬಿಎಯ ಹಳೆಯ ಹುಲಿ. ಕಂದು ಚೆಂಡು ದೂರದಿಂದ ಕಣ್ಣಿಗೆ ಬೀಳುವುದಿಲ್ಲವೆಂದು ಕೆಂಪು, ಬಿಳಿ, ನೀಲಿ ಪಟ್ಟಿಯ ಚೆಂಡು ತಂದರು. ದೂರದಿಂದ ಎಸೆದು ಹಾಕಿದ ಬುಟ್ಟಿಗೆ ಮೂರು ಅಂಕ ಎಂಬ ನಿಯಮವೂ ಬಂತು. ಹಳಬರು ಇದನ್ನೆಲ್ಲ ಸರ್ಕಸ್ ಎಂದು ಮೂದಲಿಸಿದರು. ಆ ಸರ್ಕಸ್ಸಿನ ಮೂರಂಕದ ಗೆರೆ ಇಲ್ಲದೆ ಇವತ್ತು ಯಾವ ಬ್ಯಾಸ್ಕೆಟ್‌ಬಾಲ್ ಅಂಗಣವೂ ಇಲ್ಲ.

ಸ್ಕ್ವೈರ್ಸ್‌ನ ಪೂರ್ವಾಶ್ರಮ ಇದ್ದದ್ದು ದೇಶದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾದಲ್ಲಿ. ಆಗ ಅದರ ಹೆಸರು ಓಕ್ಲೆಂಡ್ ಓಕ್ಸ್. ಗಾಯಕ ಪ್ಯಾಟ್ ಬೂನ್ ಮಾಲೀಕರಲ್ಲೊಬ್ಬರು. ಅವರು ಸ್ಯಾನ್ ಫ್ರಾನ್ಸಿಸ್ಕೊ ವಾರಿಯರ್ಸ್‌ನಿಂದ ರಿಕ್ ಬ್ಯಾರಿಯನ್ನು ಸೆಳೆದುಕೊಂಡರು. ನ್ಯಾಯಾಲಯದ ತಡೆಯಿಂದಾಗಿ ಬ್ಯಾರಿ ಒಂದು ವರ್ಷ ಸುಮ್ಮನೆ ಕೂರಬೇಕಾಯಿತು. ಮರುವರ್ಷ ಅಲೆಕ್ಸ್ ಹ್ಯಾನಮ್ ತರಬೇತಿಯಲ್ಲಿ ಓಕ್ಸ್ 60 ಗೆದ್ದು 18 ಸೋತು, 1969ರ ಚಾಂಪಿಯನ್ ಆಯಿತು. ಪ್ರಶಸ್ತಿ ಬಂತು, ಪ್ರೇಕ್ಷಕರು ಬರಲಿಲ್ಲ. ತಂಡವನ್ನು ಕೊಂಡವರು ವಾಷಿಂಗ್ಟನ್ನಿನ ವಕೀಲ ಅರ್ಲ್ ಫೋರ್‌ಮನ್. ಅವರು ಅದನ್ನು ತಮ್ಮೂರಿಗೆ ತಂದು ‘ವಾಷಿಂಗ್ಟನ್ ಕ್ಯಾಪ್ಸ್’ ಎಂದು ಕರೆದರು. ದೇಶದ ಪೂರ್ವದ ಅಂಚಿಗೆ ಬಂದ ಮೇಲೂ ಲೀಗ್ ಅವರನ್ನು ಪಶ್ಚಿಮ ವಿಭಾಗದಲ್ಲೇ ಉಳಿಸಿತು; ಎಬಿಎಯ ಆಡಳಿತ ಹೇಗಿತ್ತೆಂದು ತಿಳಿಯಲು ಇಷ್ಟು ಸಾಕು. ಒಂದೇ ವರ್ಷದಲ್ಲಿ ಅಲ್ಲಿಂದಲೂ ಗಂಟುಮೂಟೆ ಕಟ್ಟಬೇಕಾಯಿತು. ಎರಡು ಲೀಗುಗಳ ವಿಲೀನದ ಮಾತುಕತೆ ಆಗ ಕಾವೇರಿತ್ತು. ವಾಷಿಂಗ್ಟನ್ ಹತ್ತಿರದ ಬಾಲ್ಟಿಮೋರಿನಲ್ಲಿ ಎನ್‌ಬಿಎಯ ಬುಲೆಟ್ಸ್ ತಂಡವಿತ್ತು. ಅವರ ಸೀಮೆಯಲ್ಲಿ ಇನ್ನೊಬ್ಬರು ಬೇಡವೆಂದಾದಾಗ ಫೋರ್‌ಮನ್ ದಕ್ಷಿಣಕ್ಕೆ, ವರ್ಜೀನಿಯಾಗೆ ಇಳಿದರು.

ಅಲ್ಲಿ ಎದುರಾದ ಪ್ರಶ್ನೆ, ಯಾವ ಊರು? ನಾರ್ಫೋಕ್ ದೊಡ್ಡ ನೌಕಾನೆಲೆಯ ಬಂದರು. ಅದರ ಎದುರು ದಡದಲ್ಲಿ, ನೀರಿನಡಿಯ ಸುರಂಗ ದಾಟಿದರೆ, ಹ್ಯಾಂಪ್ಟನ್. ನೂರೈವತ್ತು ಕಿಲೋಮೀಟರ್ ಒಳಗೆ ಹೋದರೆ ರಾಜಧಾನಿ ರಿಚ್‌ಮಂಡ್. ಪಶ್ಚಿಮದ ಬೆಟ್ಟಗಳ ಮಡಿಲಲ್ಲಿ, ನಾರ್ಫೋಕ್‌ನಿಂದ ಹತ್ತಿರ ಹತ್ತಿರ 400 ಕಿಲೋಮೀಟರ್ ದೂರದಲ್ಲಿ, ರೈಲ್ವೆಯವರ ಊರು ರೋನೋಕ್. ಒಂದೊಂದೂ ಒಬ್ಬೊಂಟಿಯಾಗಿ ವೃತ್ತಿಪರ ತಂಡವೊಂದನ್ನು ಸಾಕುವಷ್ಟು ದೊಡ್ಡದಲ್ಲ. ಹಾಗಾದರೆ ಎಲ್ಲವನ್ನೂ ಕೂಡಿಸಿದರೆ? ಫೋರ್‌ಮನ್ ಆರಿಸಿಕೊಂಡದ್ದು ಇದೇ ದಾರಿಯನ್ನು. ತಂಡಕ್ಕೆ ಊರಿನ ಹೆಸರಿಲ್ಲ, ರಾಜ್ಯದ ಹೆಸರು. ತವರಿನ ಪಂದ್ಯಗಳನ್ನು ಊರೂರಿಗೆ ಹಂಚುವುದು. ಆ ಕಾಲಕ್ಕೆ ಇದು ಹುಚ್ಚು ಆಲೋಚನೆ ಅನ್ನಿಸಿರಲಿಲ್ಲ. ಎಬಿಎಯಲ್ಲಿ ಅದೇ ಫ್ಯಾಷನ್ ಆಗಿತ್ತು. ಕ್ಯಾರೊಲೈನಾ ಕೂಗರ್ಸ್ ಗ್ರೀನ್ಸ್‌ಬರೋ, ಷಾರ್ಲಟ್, ರಾಲಿ ಊರುಗಳ ನಡುವೆ ಓಡಾಡುತ್ತಿತ್ತು. ಡಲ್ಲಸ್ಸಿನ ಚಾಪರಲ್ಸ್ ಒಂದು ವರ್ಷ ‘ಟೆಕ್ಸಸ್ ಚಾಪರಲ್ಸ್’ ಎಂದು ಹೆಸರು ಬದಲಿಸಿ ಫೋರ್ಟ್ ವರ್ತ್, ಲಬಕ್‌ಗಳಿಗೂ ಹೋಗಿ ಆಡಿ ಬಂತು. ಮಯಾಮಿಯ ತಂಡ ‘ಫ್ಲಾರಿಡಿಯನ್ಸ್’ ಆಗಿ ರಾಜ್ಯವೆಲ್ಲ ಸುತ್ತಿತು.

ನಮ್ಮ ವೃತ್ತಿರಂಗಭೂಮಿಯ ಕಂಪನಿಗಳನ್ನು ಬಲ್ಲವರಿಗೆ ಇದರ ತೊಡಕು ಬೇಗ ಅರ್ಥವಾದೀತು. ಕಂಪನಿಯೂ ಊರೂರು ತಿರುಗುತ್ತಿತ್ತು, ಟಿಕೆಟ್ಟಿನ ದುಡ್ಡನ್ನೇ ನಂಬಿತ್ತು, ಒಳ್ಳೆಯ ನಟನನ್ನು ಇನ್ನೊಂದು ಕಂಪನಿ ಹೆಚ್ಚು ಸಂಬಳದ ಆಸೆ ತೋರಿಸಿ ಹಾರಿಸಿಕೊಂಡು ಹೋಗುವ ಭಯ ಅದಕ್ಕೂ ಇತ್ತು. ಆದರೆ ಕಂಪನಿ ಒಂದೂರಿನಲ್ಲಿ ಕ್ಯಾಂಪ್ ಹಾಕಿದರೆ ತಿಂಗಳುಗಟ್ಟಲೆ ಅಲ್ಲೇ ಇರುತ್ತಿತ್ತು. ಆ ಊರು ಅಷ್ಟು ದಿನ ಅದನ್ನು ತನ್ನದೆನ್ನುತ್ತಿತ್ತು. ಸ್ಕ್ವೈರ್ಸ್ ಹಾಗಲ್ಲ. ಇವತ್ತು ರಿಚ್‌ಮಂಡಿನಲ್ಲಿ ಗೆದ್ದ ತಂಡ ಮತ್ತೆ ಅಲ್ಲಿಗೆ ಬರುವಷ್ಟರಲ್ಲಿ ದಿನಗಳು ಕಳೆದಿರುತ್ತಿದ್ದವು, ಗೆಲುವಿನ ಬಿಸಿ ಆರಿರುತ್ತಿತ್ತು. ಹ್ಯಾಂಪ್ಟನ್ನಿನವರಿಗೆ ಸುರಂಗ ದಾಟಿ ನಾರ್ಫೋಕಿಗೆ ಹೋಗುವ ಉತ್ಸಾಹವಿಲ್ಲ. ರಿಚ್‌ಮಂಡಿನವರಿಗೆ ಅದು ನಾರ್ಫೋಕಿನ ತಂಡ. ಆಟಗಾರರ ಪಾಡು ಇನ್ನೊಂದು ಬಗೆ. ತವರು ಅಂಗಣ ಎಂದರೆ ಅದರ ಬೆಳಕು, ಹಲಗೆಯ ಪುಟಿತ, ಬುಟ್ಟಿಯ ಹಿಂದಿನ ಗ್ಯಾಲರಿ ಎಲ್ಲ ಕಣ್ಣಿಗೆ ಒಗ್ಗಿರುವುದು. ನಾಲ್ಕು ತವರಿದ್ದವರಿಗೆ ಆ ಅನುಕೂಲ ಕಾಲುಭಾಗ ಮಾತ್ರ. ರೋನೋಕ್‌ನ ಪಂದ್ಯಗಳನ್ನು ಎರಡೇ ವರ್ಷಕ್ಕೆ ಕೈಬಿಟ್ಟರು.

ಊರುಗಳೇನೋ ಉತ್ಸಾಹದಿಂದಲೇ ಬರಮಾಡಿಕೊಂಡವು. ಅದು ಅಲ್ಲೆಲ್ಲ ಹೊಸ ಕ್ರೀಡಾಂಗಣಗಳು ಏಳುತ್ತಿದ್ದ ಕಾಲ. ಹ್ಯಾಂಪ್ಟನ್ ಕೊಲಿಸಿಯಂ 1970ರಲ್ಲಿ, ರಿಚ್‌ಮಂಡ್ ಕೊಲಿಸಿಯಂ 1971ರಲ್ಲಿ ತೆರೆದವು. ನಾರ್ಫೋಕಿನ ‘ಸ್ಕೋಪ್’ ಇವೆಲ್ಲಕ್ಕಿಂತ ಚೆಂದ. ಇಟಲಿಯ ಪಿಯೆರ್ ಲುಯಿಜಿ ನೆರ್ವಿ ವಿನ್ಯಾಸದ, ಓರೆ ಕಂಬಗಳು ಸುತ್ತಲೂ ಎತ್ತಿ ಹಿಡಿದ ತೆಳು ಕಾಂಕ್ರೀಟ್ ಗುಮ್ಮಟ ಅದು, 1971ರಲ್ಲಿ ಮುಗಿಯಿತು. ಇಂಥ ಸಭಾಂಗಣ ಕಟ್ಟಿದ ಊರಿಗೆ ಒಳಗೆ ಆಡಲು ಯಾರಾದರೂ ಬೇಕಿತ್ತು.

ಬ್ಯಾರಿ ಹೋದ ಮೇಲೆ ತಂಡದಲ್ಲಿ ಏನುಳಿಯಿತು ಎಂದುಕೊಂಡವರಿಗೆ ಉತ್ತರವಾಗಿ ಬಂದವರು ಚಾರ್ಲಿ ಸ್ಕಾಟ್. ಉತ್ತರ ಕ್ಯಾರೊಲೈನಾ ವಿಶ್ವವಿದ್ಯಾಲಯದಲ್ಲಿ ಕ್ರೀಡಾ ವಿದ್ಯಾರ್ಥಿವೇತನ ಪಡೆದು ಆಡಿದ ಮೊದಲ ಕಪ್ಪು ವರ್ಣೀಯ. ಅವರು ವರ್ಜೀನಿಯಾಗೆ ಬಂದ ಹೊತ್ತು ಎಂಥದೆಂದು ನೆನೆಯಬೇಕು. ಹನ್ನೆರಡು ವರ್ಷ ಹಿಂದೆ, 1958ರಲ್ಲಿ, ಕಪ್ಪು ಮಕ್ಕಳನ್ನು ಬಿಳಿಯರ ಜೊತೆ ಕೂರಿಸುವುದಕ್ಕಿಂತ ಬೀಗ ಹಾಕುವುದೇ ಲೇಸೆಂದು ಇದೇ ನಾರ್ಫೋಕಿನ ಆರು ಶಾಲೆಗಳನ್ನು ತಿಂಗಳುಗಟ್ಟಲೆ ಮುಚ್ಚಲಾಗಿತ್ತು. ಸ್ಕ್ವೈರ್ಸ್ ಮೊದಲ ಪಂದ್ಯ ಆಡಿದ 1970ರಲ್ಲೇ ರಿಚ್‌ಮಂಡಿನಲ್ಲಿ ನ್ಯಾಯಾಧೀಶ ರಾಬರ್ಟ್ ಮೆರಿಗಿ ಶಾಲೆಗಳ ಏಕೀಕರಣಕ್ಕಾಗಿ ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಗಳಿಗೆ ಕಳಿಸಲು ಆದೇಶ ಮಾಡಿದ್ದರು, ಊರು ಇಬ್ಭಾಗವಾಗಿತ್ತು. ಸಂಜೆ ಅದೇ ಊರಿನ ಜನ ಟಿಕೆಟ್ ಕೊಂಡು, ಕಪ್ಪು ಯುವಕನೊಬ್ಬ ನಾಯಕನಾಗಿ ಮಿಂಚುವ ತಂಡಕ್ಕೆ ಚಪ್ಪಾಳೆ ತಟ್ಟುತ್ತಿದ್ದರು. ಆಟದಿಂದ ಸಮಾಜ ಬದಲಾಯಿತು ಎಂದು ಹೇಳುವುದು ನನ್ನ ಉದ್ದೇಶವಲ್ಲ. ಹಗಲಿನ ಜಗಳಕ್ಕೂ ರಾತ್ರಿಯ ಚಪ್ಪಾಳೆಗೂ ಜನ ಸಲೀಸಾಗಿ ಬೇರೆ ಬೇರೆ ಖಾತೆ ಇಟ್ಟುಕೊಳ್ಳಬಲ್ಲರು.

ಆ ಮೊದಲ ವರ್ಷ ಸ್ಕ್ವೈರ್ಸ್ 55 ಪಂದ್ಯ ಗೆದ್ದು 29 ಸೋತು ಪೂರ್ವ ವಿಭಾಗದ ತುದಿಯಲ್ಲಿ ನಿಂತಿತು. ಕೋಚ್ ಆಲ್ ಬಿಯಾಂಕಿ ಆ ವರ್ಷದ ಅತ್ಯುತ್ತಮ ತರಬೇತುದಾರರೆನಿಸಿಕೊಂಡರು. ಹೊಸಬರ ಪ್ರಶಸ್ತಿಯನ್ನು ಸ್ಕಾಟ್, ಕೆಂಟಕಿಯ ಡ್ಯಾನ್ ಇಸೆಲ್ ಜೊತೆ ಹಂಚಿಕೊಂಡರು. ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಎದುರಾದದ್ದು ಯಾರು? ರಿಕ್ ಬ್ಯಾರಿಯ ನೆಟ್ಸ್. 4–2ರಿಂದ ಗೆದ್ದರು. ವರ್ಜೀನಿಯಾದ ಜನರಿಗೆ ಅಷ್ಟು ಸಿಹಿಯಾದ ಗೆಲುವು ಮತ್ತೊಂದು ಸಿಗಲಿಲ್ಲ. ಮುಂದಿನ ಸುತ್ತಿನಲ್ಲಿ ಕೆಂಟಕಿ ಕರ್ನಲ್ಸ್ ಎದುರು ಸೋತರು.

1971ರಲ್ಲಿ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ಓದು ಮುಗಿಯುವ ಮೊದಲೇ ಸ್ಕ್ವೈರ್ಸ್‌ಗೆ ಸಹಿ ಹಾಕಿದ. ನಾಲ್ಕು ವರ್ಷಕ್ಕೆ 5 ಲಕ್ಷ ಡಾಲರ್ ಒಪ್ಪಂದ. ಕಾಲೇಜು ಮುಗಿಸುವವರೆಗೆ ಎನ್‌ಬಿಎ ಯಾರನ್ನೂ ಮುಟ್ಟುತ್ತಿರಲಿಲ್ಲ. ಎಬಿಎಗೆ ಅಂಥ ಮಡಿ ಇರಲಿಲ್ಲ. ಆ ಹುಡುಗ ಜೂಲಿಯಸ್ ಅರ್ವಿಂಗ್. ಕಾಲೇಜಿನಲ್ಲಿ ಪಂದ್ಯಕ್ಕೆ ಸರಾಸರಿ ಇಪ್ಪತ್ತಕ್ಕೂ ಹೆಚ್ಚು ಅಂಕ, ಇಪ್ಪತ್ತಕ್ಕೂ ಹೆಚ್ಚು ರಿಬೌಂಡ್ ಪಡೆದಿದ್ದರೂ ದೇಶಕ್ಕೆ ಹೆಚ್ಚು ಗೊತ್ತಿರದ ಹೆಸರು. ಅದಕ್ಕೆ ಒಂದು ಕಾರಣವಿತ್ತು. 1967ರಿಂದ ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಡಂಕ್ ನಿಷಿದ್ಧವಾಗಿತ್ತು. ಮೇಲಕ್ಕೆ ಜಿಗಿದು ಚೆಂಡನ್ನು ಬುಟ್ಟಿಯೊಳಕ್ಕೆ ಜಡಿಯುವುದೇ ತಪ್ಪು ಎನ್ನುವ ಕಡೆ ಅರ್ವಿಂಗ್‌ರ ಅರ್ಧ ಆಟ ಜನರ ಕಣ್ಣಿಗೆ ಬಿದ್ದೇ ಇರಲಿಲ್ಲ.

ವರ್ಜೀನಿಯಾದಲ್ಲಿ ಆ ಕಟ್ಟು ಬಿಚ್ಚಿತು. ದೊಡ್ಡ ಅಂಗೈ, ಉದ್ದ ಬೆರಳು. ಒಂದೇ ಕೈಯಲ್ಲಿ ಚೆಂಡನ್ನು ಕಿತ್ತಳೆ ಹಣ್ಣಿನಂತೆ ಹಿಡಿದು ಓಡುತ್ತ ಬಂದು, ಎದುರಾಳಿ ಜಿಗಿದು ಇಳಿದ ಮೇಲೂ ತಾನಿನ್ನೂ ಗಾಳಿಯಲ್ಲೇ ಇದ್ದು, ಎಲ್ಲಿಂದ ಹಾಕಬೇಕೆಂದು ಅಲ್ಲೇ ತೀರ್ಮಾನಿಸುವ ಆಟ. ಮೊದಲ ವರ್ಷವೇ ಪಂದ್ಯಕ್ಕೆ 27.3 ಅಂಕ, 15.7 ರಿಬೌಂಡ್. ಆಗ ಎಬಿಎ ರಾಷ್ಟ್ರೀಯ ಟೀವಿಯಲ್ಲಿ ಕಾಣಿಸುತ್ತಿದ್ದದ್ದೇ ಅಪರೂಪ. ಹೀಗಾಗಿ ‘ಡಾಕ್ಟರ್ ಜೆ’ ಎಂದು ಹೆಸರಾದ ಅರ್ವಿಂಗ್‌ರ ಮೊದಲ ಎರಡು ವರ್ಷಗಳ ಹಾರಾಟವನ್ನು ಕಂಡವರು ನಾರ್ಫೋಕ್, ಹ್ಯಾಂಪ್ಟನ್, ರಿಚ್‌ಮಂಡಿನ ಗ್ಯಾಲರಿಗಳಲ್ಲಿ ಕೂತಿದ್ದವರು, ಮತ್ತೆ ಎದುರಾಳಿ ಊರುಗಳವರು, ಅಷ್ಟೇ. ಉಳಿದ ಅಮೆರಿಕಕ್ಕೆ ಅದು ಬಾಯಿಂದ ಬಾಯಿಗೆ ಹಬ್ಬಿದ ಸುದ್ದಿ.

ಅದೇ ವರ್ಷ ಚಾರ್ಲಿ ಸ್ಕಾಟ್ ಪಂದ್ಯಕ್ಕೆ 34.6 ಅಂಕ ಗಳಿಸುತ್ತಿದ್ದರು. ಎಬಿಎಯ ಇಡೀ ಚರಿತ್ರೆಯಲ್ಲಿ ಒಂದು ಸೀಸನ್ನಿಗೆ ಅದಕ್ಕಿಂತ ಹೆಚ್ಚಿನ ಸರಾಸರಿ ಇಲ್ಲ. ಸ್ಕಾಟ್ ಮತ್ತು ಅರ್ವಿಂಗ್ ಒಂದೇ ತಂಡದಲ್ಲಿ! ಯಾವ ಕೋಚಿಗಾದರೂ ಕನಸು ಬೀಳಬೇಕು ಇಂಥ ಜೋಡಿಗೆ. ಆದರೆ ಸೀಸನ್ ಇನ್ನೂ ಮುಗಿದಿರದ 1972ರ ಮಾರ್ಚಿನಲ್ಲಿ ಸ್ಕಾಟ್ ತಂಡ ತೊರೆದು ಎನ್‌ಬಿಎಯ ಫೀನಿಕ್ಸ್ ಸನ್ಸ್ ಸೇರಿಕೊಂಡರು. ಉಳಿದ ಭಾರವನ್ನು ಅರ್ವಿಂಗ್ ಹೊತ್ತರು. ಪ್ಲೇಆಫ್‌ನ 11 ಪಂದ್ಯಗಳಲ್ಲಿ ಸರಾಸರಿ 33.3 ಅಂಕ, 20.4 ರಿಬೌಂಡ್. ಫ್ಲಾರಿಡಿಯನ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಗೆದ್ದು ವಿಭಾಗದ ಫೈನಲ್ ತಲುಪಿದಾಗ ಎದುರಿಗೆ ಮತ್ತೆ ನೆಟ್ಸ್, ಮತ್ತೆ ಬ್ಯಾರಿ. ಏಳನೆಯ ಪಂದ್ಯದವರೆಗೂ ಎಳೆದಾಡಿ, 4–3ರಿಂದ ಬ್ಯಾರಿ ಕಳೆದ ವರ್ಷದ ಲೆಕ್ಕ ಚುಕ್ತಾ ಮಾಡಿದರು. ಸ್ಕಾಟ್ ಒಂದೆರಡು ತಿಂಗಳು ತಡೆದು ಹೋಗಿದ್ದರೆ ಆ ವರ್ಷ ಸ್ಕ್ವೈರ್ಸ್ ಎಬಿಎ ಫೈನಲ್ ಆಡುತ್ತಿತ್ತು ಎಂಬುದು ನನ್ನ ಎಣಿಕೆ. ಅದಕ್ಕಿಂತ ಹತ್ತಿರ ಅದು ಮತ್ತೆಂದೂ ಹೋಗಲಿಲ್ಲ.

ಆ ಬೇಸಿಗೆಯ ಕಥೆ ಕೋರ್ಟು ಕಚೇರಿಯದು. ತನಗೆ ಸಲ್ಲಬೇಕಾದ್ದು ಸಲ್ಲುತ್ತಿಲ್ಲವೆಂದು ಅರ್ವಿಂಗ್ ಎನ್‌ಬಿಎಯ ಅಟ್ಲಾಂಟಾ ಹಾಕ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ಇತ್ತ ಎನ್‌ಬಿಎಯ ಆಯ್ಕೆಯಲ್ಲಿ ಮಿಲ್ವಾಕಿ ಬಕ್ಸ್ ಅವರನ್ನು ತನ್ನ ಪಟ್ಟಿಗೆ ಸೇರಿಸಿಕೊಂಡಿತು. ಒಬ್ಬ ಆಟಗಾರ, ಮೂರು ತಂಡ, ಎರಡು ಲೀಗ್. ಅಟ್ಲಾಂಟಾ ಪರವಾಗಿ ಪೀಟ್ ಮ್ಯಾರವಿಚ್ ಜೊತೆಗೆ ಕೆಲವು ಅಭ್ಯಾಸ ಪಂದ್ಯಗಳನ್ನೂ ಆಡಿದರು. ಕಡೆಗೆ ನ್ಯಾಯಾಲಯ, ಮೊದಲು ಸಹಿ ಹಾಕಿದಲ್ಲಿಗೆ ಹೋಗಿ ಆಡು ಎಂದಿತು. ಮನಸ್ಸಿಲ್ಲದೆ ಮರಳಿದವರು 1972–73ರಲ್ಲಿ ಪಂದ್ಯಕ್ಕೆ 31.9 ಅಂಕ ಗಳಿಸಿ ಲೀಗಿಗೇ ಮೊದಲಿಗರಾದರು. ತಂಡ ಮಾತ್ರ 42 ಗೆದ್ದು 42 ಸೋತಿತು.

ಆ ಸೀಸನ್ನಿನ ನಡುವೆ ಇನ್ನೊಬ್ಬ ತೆಳ್ಳನೆಯ ಹುಡುಗ ಬಂದ. ಈಸ್ಟರ್ನ್ ಮಿಷಿಗನ್ ವಿಶ್ವವಿದ್ಯಾಲಯದ ತಂಡದಿಂದ ಹೊರಬಿದ್ದು, ಪಾಂಟಿಯಾಕ್ ಎಂಬ ಊರಿನ ಸಣ್ಣ ಲೀಗ್ ತಂಡವೊಂದರಲ್ಲಿ ಆಡುತ್ತಿದ್ದ ಜಾರ್ಜ್ ಗರ್ವಿನ್. ಸ್ಕ್ವೈರ್ಸ್‌ನ ಆಡಳಿತದಲ್ಲಿದ್ದ ಹಳೆಯ ಆಟಗಾರ ಜಾನಿ ಕೆರ್ ನೋಡಲು ಹೋದ ದಿನ ಗರ್ವಿನ್ 50 ಅಂಕ ಹಾಕಿದರಂತೆ. ವರ್ಷಕ್ಕೆ 40,000 ಡಾಲರಿನ ಒಪ್ಪಂದವಾಯಿತು. ಆಡುವಾಗ ಮುಖದಲ್ಲಿ ಬೆವರಿನ ಸುಳಿವಿಲ್ಲ, ಅವಸರದ ಗುರುತಿಲ್ಲ. ಜೊತೆಗಾರ ಫ್ಯಾಟಿ ಟೇಲರ್ ‘ಐಸ್‌ಬರ್ಗ್ ಸ್ಲಿಮ್’ ಎಂದು ಕರೆದದ್ದು ಬರಬರುತ್ತ ‘ಐಸ್‌ಮನ್’ ಆಯಿತು. ಅಭ್ಯಾಸ ಮುಗಿದ ಮೇಲೂ ಅರ್ವಿಂಗ್ ಮತ್ತು ತಾನು ಒಬ್ಬರಿಗೊಬ್ಬರು ಎದುರು ನಿಂತು ಆಡುತ್ತಿದ್ದೆವೆಂದು ಗರ್ವಿನ್ ಮುಂದೆ ಹೇಳಿಕೊಂಡಿದ್ದಾರೆ. ಆ ಸೀಸನ್ನಿನಲ್ಲಿ ಗರ್ವಿನ್ ಆಡಿದ್ದು 30 ಪಂದ್ಯ ಮಾತ್ರ. ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ಗೆ ಸೇರಿದ ಈ ಇಬ್ಬರೂ ಒಂದೇ ಬಣ್ಣದ ಅಂಗಿ ತೊಟ್ಟದ್ದು ಅಷ್ಟೇ ಕಾಲ.

ಇಲ್ಲಿಂದ ಮುಂದಕ್ಕೆ ಸಂತೆ. 1973ರ ಆಗಸ್ಟಿನಲ್ಲಿ ಅರ್ವಿಂಗ್ ನ್ಯೂಯಾರ್ಕ್ ನೆಟ್ಸ್‌ಗೆ ಹೋದರು. ಜೊತೆಯಲ್ಲಿ ವಿಲ್ಲಿ ಸೊಜರ್ನರ್. ಅತ್ತಣಿಂದ ಬಂದದ್ದು ಜಾರ್ಜ್ ಕಾರ್ಟರ್ ಎಂಬ ಆಟಗಾರ ಮತ್ತು ದೊಡ್ಡ ಮೊತ್ತದ ನಗದು. ಅರ್ವಿಂಗ್ ಬೆಳೆದದ್ದು ನೆಟ್ಸ್ ಆಡುತ್ತಿದ್ದ ಲಾಂಗ್ ಐಲೆಂಡಿನಲ್ಲೇ, ಹಾಗಾಗಿ ಅವರಿಗೆ ಅದು ಮನೆಗೆ ಮರಳಿದಂತೆ. ನವೆಂಬರಿನಲ್ಲಿ ಸ್ವೆನ್ ನೇಟರ್ ಸರದಿ. ಕಾಲೇಜಿನಲ್ಲಿ ಬಿಲ್ ವಾಲ್ಟನ್ ಹಿಂದೆ ಬೆಂಚು ಕಾಯುತ್ತಿದ್ದ ಈ ಎತ್ತರದ ಆಟಗಾರನನ್ನು ಸ್ಯಾನ್ ಆಂಟೋನಿಯೊ ಸ್ಪರ್ಸ್ 3 ಲಕ್ಷ ಡಾಲರ್ ಮತ್ತು ಒಂದು ಆಯ್ಕೆಯ ಸರದಿ ಕೊಟ್ಟು ಕೊಂಡಿತು. ಆ ವರ್ಷದ ಹೊಸಬರ ಪ್ರಶಸ್ತಿ ಅವರಿಗೇ ಬಂತು.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. 1974ರ ಜನವರಿ 30ರಂದು ಎಬಿಎಯ ಆಲ್ ಸ್ಟಾರ್ ಪಂದ್ಯ ನಾರ್ಫೋಕಿನ ಸ್ಕೋಪ್‌ನಲ್ಲಿ ನಡೆಯಿತು. ಊರಿಗೆ ಹಬ್ಬ. ತವರಿನ ತಾರೆಯಾಗಿ ಗರ್ವಿನ್ ಆಡುತ್ತಿದ್ದಾರೆ. ಅದೇ ಹೊತ್ತಿಗೆ, ಫೋರ್‌ಮನ್ ಅವರನ್ನೂ ಸ್ಪರ್ಸ್‌ಗೆ 2,25,000 ಡಾಲರಿಗೆ ಮಾರಿಯಾಗಿದೆ ಎಂಬ ಸುದ್ದಿ ಹೊರಬಿತ್ತು. ಅತಿಥಿಗಳನ್ನು ಕರೆದು ಊಟಕ್ಕೆ ಕೂರಿಸಿ, ಮನೆಯ ಕಂಬವನ್ನು ಹರಾಜಿಗೆ ಹಾಕಿದಂತಾಯಿತು. ಕಮಿಷನರ್ ಮೈಕ್ ಸ್ಟೋರೆನ್ ಈ ಮಾರಾಟ ನಡೆಯಗೊಡುವುದಿಲ್ಲ ಎಂದು ಪಟ್ಟು ಹಿಡಿದರು. ನಾರ್ಫೋಕಿನಲ್ಲಿ ಇರುವ ಒಬ್ಬನನ್ನೂ ಕಳಿಸಿದರೆ ತಂಡವೇ ಸಾಯುತ್ತದೆಂಬುದು ಅವರಿಗೆ ಕಾಣುತ್ತಿತ್ತು. ಸ್ಪರ್ಸ್‌ನ ಏಂಜೆಲೊ ಡ್ರೋಸೊಸ್ ಬಿಡಲಿಲ್ಲ. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು, ತೀರ್ಪು ಸ್ಪರ್ಸ್ ಪರ ಬಂತು.

ಸ್ಪರ್ಸ್ ಎಂದರೆ ಯಾರು? ಅದೇ ಡಲ್ಲಸ್ಸಿನ ಚಾಪರಲ್ಸ್. ಪ್ರಾದೇಶಿಕ ತಂಡದ ಪ್ರಯೋಗ ಒಂದೇ ವರ್ಷಕ್ಕೆ ಸಾಕೆನಿಸಿ, 1973ರಲ್ಲಿ ಸ್ಯಾನ್ ಆಂಟೋನಿಯೊ ಎಂಬ ಒಂದೇ ಊರಿಗೆ ಹೋಗಿ ಬೇರುಬಿಟ್ಟ ತಂಡ. ಊರೂರು ಅಲೆದ ಉಳಿದವುಗಳಲ್ಲಿ ಫ್ಲಾರಿಡಿಯನ್ಸ್ 1972ರಲ್ಲೇ ಕಣ್ಮುಚ್ಚಿತ್ತು. ಕ್ಯಾರೊಲೈನಾ ಕೂಗರ್ಸ್ 1974ರಲ್ಲಿ ಸೇಂಟ್ ಲೂಯಿಸ್ ಪಾಲಾಯಿತು. ಆ ನಾಲ್ಕರಲ್ಲಿ ತಾನು ಹೋದ ದಾರಿಯಲ್ಲೇ ಕೊನೆತನಕ ನಡೆದದ್ದು ವರ್ಜೀನಿಯಾ ಒಂದೇ.

ಫೋರ್‌ಮನ್‌ರನ್ನು ಖಳನಾಯಕನನ್ನಾಗಿ ಮಾಡುವುದು ಸುಲಭ. ವರ್ಜೀನಿಯಾದ ಹಳೆಯ ಅಭಿಮಾನಿಗಳಲ್ಲಿ ಹಾಗೆ ನೋಡುವವರು ಇದ್ದರೆ ಅವರನ್ನು ತಪ್ಪೆನ್ನಲಾಗದು. ಆದರೆ ಅವರ ಮೇಜಿನ ಈಚೆ ಕೂತು ಲೆಕ್ಕ ಹಾಕಿ ನೋಡಿ. ಟೀವಿಯ ದುಡ್ಡಿಲ್ಲ. ಆದಾಯವೆಂದರೆ ಬಾಗಿಲಲ್ಲಿ ಹರಿದ ಟಿಕೆಟ್. ಖರ್ಚೋ, ಎರಡು ಲೀಗುಗಳ ಪೈಪೋಟಿಯಿಂದ ಆಟಗಾರರ ಸಂಬಳ ವರ್ಷ ವರ್ಷಕ್ಕೂ ಏರುತ್ತಿತ್ತು. ವಿಲೀನವಾದರೆ ಎಲ್ಲ ಸರಿಹೋಗುತ್ತದೆಂದು ಕಾಯುತ್ತ ಕೂತರೆ, ಆ ವಿಲೀನವನ್ನೇ ತಡೆಯಲು ಆಸ್ಕರ್ ರಾಬರ್ಟ್‌ಸನ್ ಹೆಸರಿನಲ್ಲಿ ಎನ್‌ಬಿಎ ಆಟಗಾರರು 1970ರಲ್ಲೇ ದಾವೆ ಹೂಡಿದ್ದರು. ಅದು ಇತ್ಯರ್ಥವಾಗಲು ಆರು ವರ್ಷ ಹಿಡಿಯಿತು. ಈ ವರ್ಷದ ಬಾಕಿ ತೀರಿಸಲು ಮುಂದಿನ ವರ್ಷದ ಬೀಜವನ್ನು ಮಾರುವುದೇ ಅವರಿಗಿದ್ದ ದಾರಿ. ನನಗೆ ಒಪ್ಪಿತವಾಗದ್ದು ಮಾರಾಟವಲ್ಲ, ಅದರ ವೇಗ. ಅರ್ವಿಂಗ್ ಹೋದ ಮೇಲೆ ಗರ್ವಿನ್ ಒಬ್ಬರನ್ನಾದರೂ ಇಟ್ಟುಕೊಂಡಿದ್ದರೆ ಗ್ಯಾಲರಿಯಲ್ಲಿ ಒಂದಷ್ಟು ಜನ ಉಳಿಯುತ್ತಿದ್ದರು. ಸ್ಟೋರೆನ್ ಹೇಳಿದ್ದೂ ಅದನ್ನೇ.

1974ರಲ್ಲಿ ಫೋರ್‌ಮನ್ ತಂಡವನ್ನು ಸ್ಥಳೀಯರ ಗುಂಪೊಂದಕ್ಕೆ ಮಾರಿ ಹೊರನಡೆದರು. ಕೊಂಡವರ ಕೈಗೆ ಬಂದದ್ದು ಹೆಸರು, ಸಾಲ, ಮತ್ತು ಆಲ್ ಬಿಯಾಂಕಿ. 1974–75ರಲ್ಲಿ 15 ಗೆಲುವು, 69 ಸೋಲು. ಮರುವರ್ಷ 15 ಗೆಲುವು, 68 ಸೋಲು. ಆ ಕೊನೆಯ ವರ್ಷ ಆರಂಭದಲ್ಲೇ ಬಿಯಾಂಕಿಯನ್ನು ಕಳಿಸಿದರು. ಆಮೇಲೆ ಕೋಚ್ ಕುರ್ಚಿಯಲ್ಲಿ ಒಂದೇ ಸೀಸನ್ನಿಗೆ ಬಂದು ಹೋದವರಲ್ಲಿ ಮ್ಯಾಕ್ ಕ್ಯಾಲ್ವಿನ್, ಬಿಲ್ ಮಸಲ್‌ಮನ್, ಝೆಲ್ಮೊ ಬೇಟಿ ಸೇರಿದ್ದರು. ಲೀಗೇ ಒಂದೊಂದಾಗಿ ಉದುರುತ್ತಿತ್ತು. ಬಾಲ್ಟಿಮೋರ್ ಕ್ಲಾಸ್ ಒಂದೂ ಲೀಗ್ ಪಂದ್ಯ ಆಡದೆ, ಸ್ಯಾನ್ ಡಿಯಾಗೊ ಸೇಲ್ಸ್ 11 ಪಂದ್ಯಕ್ಕೆ, ಯೂಟಾ ಸ್ಟಾರ್ಸ್ 16 ಪಂದ್ಯಕ್ಕೆ ಮುಚ್ಚಿಹೋದವು. ಹತ್ತರಲ್ಲಿ ಏಳು ಉಳಿದವು.

ಈ ಕತ್ತಲಿನ ವರ್ಷಗಳಲ್ಲಿ ನಾರ್ಫೋಕಿನವರು ತಮ್ಮವನೆಂದು ಹೇಳಿಕೊಳ್ಳಬಹುದಾಗಿದ್ದವರು ಡೇವ್ ಟ್ವಾರ್ಡ್‌ಜಿಕ್. ಅದೇ ಊರಿನ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯದಲ್ಲಿ ಆಡಿ, 1972ರಲ್ಲಿ ಸ್ಕ್ವೈರ್ಸ್ ಸೇರಿ, ಕಡೆಯವರೆಗೂ ಇದ್ದ ಗಾರ್ಡ್. ನೆಲಕ್ಕೆ ಬಿದ್ದ ಪ್ರತಿ ಚೆಂಡಿನ ಹಿಂದೆಯೂ ಹಾರುವ ಸ್ವಭಾವ. ಅರ್ವಿಂಗ್, ಗರ್ವಿನ್‌ರಂತೆ ಹಣವಾಗಿ ಪರಿವರ್ತನೆಯಾಗದ್ದರಿಂದಲೇ ಅವರು ಉಳಿದರೋ ಏನೋ.

1976ರ ಜನವರಿಯಲ್ಲಿ ಡೆನ್ವರ್‌ನಲ್ಲಿ ಎಬಿಎಯ ಕೊನೆಯ ಆಲ್ ಸ್ಟಾರ್ ಪಂದ್ಯ. ವಿರಾಮದಲ್ಲಿ ಮೊದಲ ಬಾರಿಗೆ ಡಂಕ್ ಸ್ಪರ್ಧೆ ನಡೆಸಿದರು. ಐವರು ಸ್ಪರ್ಧಿಗಳಲ್ಲಿ ಇಬ್ಬರು ಹಳೆಯ ಸ್ಕ್ವೈರ್ಸ್: ಅರ್ವಿಂಗ್, ಗರ್ವಿನ್. ಫ್ರೀ ಥ್ರೋ ಗೆರೆಯ ಬಳಿಯಿಂದ ನೆಗೆದು ಅರ್ವಿಂಗ್ ಗೆದ್ದರು. ಅವರ ನೆಟ್ಸ್ 1974ರಲ್ಲಿ ಒಮ್ಮೆ ಚಾಂಪಿಯನ್ ಆಗಿತ್ತು, 1976ರಲ್ಲಿ ಡೆನ್ವರ್ ಎದುರು ಗೆದ್ದು ಎರಡನೆಯ ಸಲವೂ ಆಯಿತು. ಎನ್‌ಬಿಎಯವರು ಮಾತುಕತೆಯ ಮೇಜಿಗೆ ಬಂದದ್ದಕ್ಕೆ ಕಾರಣ ಹಲವಿದ್ದವು, ಅದರಲ್ಲಿ ಅರ್ವಿಂಗ್ ಒಬ್ಬರು. ಅಂಥವರನ್ನು ಎಷ್ಟು ದಿನ ಹೊರಗಿಡುವುದು?

1976ರ ಮೇ 10ರಂದು ಸ್ಕ್ವೈರ್ಸ್ ಮುಚ್ಚಿತು. ಲೀಗಿಗೆ ಪ್ರತಿ ತಂಡವೂ ಕಟ್ಟಬೇಕಿದ್ದ ವಂತಿಗೆ 75,000 ಡಾಲರ್ ಹೊಂದಿಸಲು ಆಗಲಿಲ್ಲ. ಗರ್ವಿನ್‌ರನ್ನು ಮಾರಿದ ಬೆಲೆಯ ಮೂರನೇ ಒಂದು ಭಾಗ ಅದು. ಐದು ವಾರದ ಮೇಲೆ ಕೆಲವೇ ದಿನ ಕಳೆದು, ಜೂನ್ 17ರಂದು, ಒಂಬತ್ತು ವರ್ಷ ಕಾದ ವಿಲೀನ ಕೈಗೂಡಿತು.

ನೆಟ್ಸ್, ಸ್ಪರ್ಸ್, ಡೆನ್ವರ್ ನಗೆಟ್ಸ್, ಇಂಡಿಯಾನಾ ಪೇಸರ್ಸ್ ತಲಾ 32 ಲಕ್ಷ ಡಾಲರ್ ತೆತ್ತು ಎನ್‌ಬಿಎ ಸೇರಿದವು. ಆ ನಾಲ್ಕರಲ್ಲಿ ಎರಡರ ತಾರೆಯರು ವರ್ಜೀನಿಯಾದಲ್ಲಿ ಅಂಬೆಗಾಲಿಟ್ಟವರು. ಕೆಂಟಕಿ ಕರ್ನಲ್ಸ್‌ನ ಮಾಲೀಕ ಜಾನ್ ವೈ. ಬ್ರೌನ್ ತಂಡ ಮುಚ್ಚಲು 30 ಲಕ್ಷ ಡಾಲರ್ ಪಡೆದರು. ಸೇಂಟ್ ಲೂಯಿಸ್‌ನ ಸಿಲ್ನಾ ಸಹೋದರರು ಇನ್ನೂ ಜಾಣರು. 22 ಲಕ್ಷ ಡಾಲರಿನ ಜೊತೆಗೆ, ಒಳಸೇರಿದ ನಾಲ್ಕೂ ತಂಡಗಳ ಟೀವಿ ಆದಾಯದಲ್ಲಿ ಏಳನೇ ಒಂದು ಪಾಲು ತಮಗೆ ಶಾಶ್ವತವಾಗಿ ಸಲ್ಲಬೇಕೆಂದು ಬರೆಸಿಕೊಂಡರು. ಆಗ ಟೀವಿ ಹಣ ಎಷ್ಟು ಮಹಾ ಎಂದು ಎದುರಿನವರು ಸಹಿ ಹಾಕಿದರು. ಆಡದ ತಂಡಕ್ಕೆ ದಶಕಗಟ್ಟಲೆ ಕೋಟಿಗಳನ್ನು ಎಣಿಸಿದ ಎನ್‌ಬಿಎ, 2014ರಲ್ಲಿ 50 ಕೋಟಿ ಡಾಲರ್ ಕೊಟ್ಟು ಆ ಒಪ್ಪಂದದ ಬಹುಭಾಗವನ್ನು ಬಿಡಿಸಿಕೊಂಡಿತು. ಆ ಸೇಂಟ್ ಲೂಯಿಸ್ ತಂಡವೂ ಮೂಲದಲ್ಲಿ ಕ್ಯಾರೊಲೈನಾ ಕೂಗರ್ಸ್, ಊರೂರು ಅಲೆದ ನಾಲ್ಕರಲ್ಲಿ ಒಂದು. ಐದು ವಾರ ಮೊದಲು ಮುಚ್ಚಿದ ವರ್ಜೀನಿಯಾಗೆ ಬಿಡಿಗಾಸೂ ಇಲ್ಲ. 75,000 ಡಾಲರ್ ಯಾರಾದರೂ ಕೈಗಡ ಕೊಟ್ಟಿದ್ದರೆ ಆಗಬಹುದಾಗಿದ್ದ ಲಾಭವನ್ನು ನೆನೆಸಿಕೊಂಡು ಹಣಕಾಸಿನವರು ಇಂದಿಗೂ ಕೈ ಹಿಸುಕಿಕೊಳ್ಳಬಹುದು.

ನೆಟ್ಸ್‌ಗೂ ಅರ್ವಿಂಗ್ ದಕ್ಕಲಿಲ್ಲ. ಎನ್‌ಬಿಎ ಪ್ರವೇಶದ ಹಣದ ಜೊತೆಗೆ, ನ್ಯೂಯಾರ್ಕ್ ಸೀಮೆಗೆ ಕಾಲಿಟ್ಟದ್ದಕ್ಕೆ ನಿಕ್ಸ್ ತಂಡಕ್ಕೂ ಪರಿಹಾರ ಕೊಡಬೇಕಾಗಿ ಬಂದು, 1976ರ ಅಕ್ಟೋಬರಿನಲ್ಲಿ ಅವರನ್ನು 30 ಲಕ್ಷ ಡಾಲರಿಗೆ ಫಿಲಡೆಲ್ಫಿಯಾಗೆ ಮಾರಿದರು. ಫೋರ್‌ಮನ್ ಮಾಡಿದ್ದನ್ನೇ ಮಹಾನಗರದವರೂ ಮಾಡಿದರು! ಆ ಸೀಸನ್ನಿನ ಫೈನಲ್‌ನಲ್ಲಿ ಅರ್ವಿಂಗ್‌ರ ಫಿಲಡೆಲ್ಫಿಯಾವನ್ನು 4–2ರಿಂದ ಮಣಿಸಿದ್ದು ಪೋರ್ಟ್‌ಲೆಂಡ್ ಟ್ರೇಲ್ ಬ್ಲೇಜರ್ಸ್. ಆ ತಂಡದಲ್ಲಿ, ಯಾರಿಗೂ ಮಾರಾಟವಾಗದೆ ಉಳಿದಿದ್ದ ಟ್ವಾರ್ಡ್‌ಜಿಕ್ ಇದ್ದರು. ಗರ್ವಿನ್ ನಾಲ್ಕು ಸಲ ಎನ್‌ಬಿಎಯ ಅತಿ ಹೆಚ್ಚು ಸರಾಸರಿ ಅಂಕದ ಆಟಗಾರರಾದರು. ಬ್ಯಾರಿ, ಅರ್ವಿಂಗ್, ಗರ್ವಿನ್, ಎಲ್ಲರಿಗಿಂತ ತಡವಾಗಿ 2018ರಲ್ಲಿ ಚಾರ್ಲಿ ಸ್ಕಾಟ್, ಹೀಗೆ ಒಬ್ಬೊಬ್ಬರಾಗಿ ಹಾಲ್ ಆಫ್ ಫೇಮ್ ಸೇರಿದರು. ಫೋರ್‌ಮನ್ 1978ರಲ್ಲಿ ಒಳಾಂಗಣ ಫುಟ್‌ಬಾಲಿನ ಹೊಸದೊಂದು ಲೀಗನ್ನೇ ಕಟ್ಟಿದರು. ಸೋತ ಉದ್ಯಮಿಗೆ ಸುಮ್ಮನೆ ಕೂರುವುದು ಗೊತ್ತಿರುವುದಿಲ್ಲ.

ವರ್ಜೀನಿಯಾ ಮತ್ತೆ ಮತ್ತೆ ಪ್ರಯತ್ನಿಸಿತು. 1997ರಲ್ಲಿ ನಾರ್ಫೋಕ್ ಸುತ್ತಿನ ಊರುಗಳು ಸೇರಿ ಐಸ್ ಹಾಕಿ ತಂಡಕ್ಕೆ ಅರ್ಜಿ ಹಾಕಿದವು, ಸಿಗಲಿಲ್ಲ. 2004ರಲ್ಲಿ ಮಾಂಟ್ರಿಯಲ್ ಬಿಡಲಿದ್ದ ಬೇಸ್‌ಬಾಲ್ ತಂಡವನ್ನು ಕರೆತರಲು ನಾರ್ಫೋಕ್ ಪೈಪೋಟಿ ನಡೆಸಿತು. ತಂಡ ವಾಷಿಂಗ್ಟನ್ನಿಗೆ ಹೋಯಿತು. 2023ರ ಡಿಸೆಂಬರಿನಲ್ಲಿ ಮಾತ್ರ ಕೆಲಸ ಆಗಿಯೇಬಿಟ್ಟಿತು ಅನ್ನಿಸಿತ್ತು. ವಾಷಿಂಗ್ಟನ್ ವಿಝರ್ಡ್ಸ್ ಬ್ಯಾಸ್ಕೆಟ್‌ಬಾಲ್ ತಂಡವನ್ನೂ ಕ್ಯಾಪಿಟಲ್ಸ್ ಹಾಕಿ ತಂಡವನ್ನೂ ನದಿಯ ಈಚೆ ದಡದ ಅಲೆಕ್ಸಾಂಡ್ರಿಯಾಗೆ ತರುವುದಾಗಿ ಗವರ್ನರ್ ಗ್ಲೆನ್ ಯಂಗ್‌ಕಿನ್ ಮತ್ತು ಮಾಲೀಕ ಟೆಡ್ ಲಿಯೊನ್ಸಿಸ್ ಒಟ್ಟಿಗೆ ನಿಂತು ಘೋಷಿಸಿದರು. ಈ ವಿಝರ್ಡ್ಸ್ ಬೇರೆ ಯಾರೂ ಅಲ್ಲ, ಹಿಂದಿನ ಬಾಲ್ಟಿಮೋರ್ ಬುಲೆಟ್ಸ್. ಯಾವ ತಂಡದ ಸೀಮೆಯೆಂದು ಫೋರ್‌ಮನ್ 1970ರಲ್ಲಿ ವಾಷಿಂಗ್ಟನ್ ಬಿಟ್ಟು ವರ್ಜೀನಿಯಾಗೆ ಬಂದರೋ, ಅದೇ. ಹೊಸ ಕ್ರೀಡಾಂಗಣಕ್ಕೆ ಸಾರ್ವಜನಿಕ ಹಣ ಹಾಕಲು ರಾಜ್ಯದ ಸೆನೆಟ್ ಒಪ್ಪಲಿಲ್ಲ. 2024ರ ಮಾರ್ಚಿನಲ್ಲಿ ಲಿಯೊನ್ಸಿಸ್ ವಾಷಿಂಗ್ಟನ್ ನಗರದ ಜೊತೆಗೇ ಒಪ್ಪಂದ ಮಾಡಿಕೊಂಡು ಅಲ್ಲೇ ಉಳಿದರು.